ಹುಲಿಯಮ್ಮ ಹುಡುಕಿಕೊಟ್ಟ ಮನೆ

ವರ್ಗವಾಗಿ ಬಾಳ್ಳುಪೇಟೆಗೆ ಬಂದವರು ಬಸ್ಸಿಳಿದು ಬಾಡಿಗೆ ಮನೆ ವಿಚಾರಿಸಿದರೆ, ಹೆದ್ದಾರಿ ಬದಿಯ ಹೋಟೆಲಿನವರು ಹುಲಿಯಮ್ಮನ ಕಡೆ ಕೈ ತೋರಿಸುತ್ತಿದ್ದರು. ಬ್ಯಾಂಕಿನ ಗುಮಾಸ್ತರು, ಮೇಷ್ಟ್ರುಗಳು, ರೈಲು ಹಳಿ ಅಗಲ ಮಾಡುವ ಕೆಲಸಕ್ಕೆ ಬಂದ ಎಂಜಿನಿಯರುಗಳು ಎಲ್ಲರೂ ಅವಳ ಹಿಂದೆ ನಡೆದು ಮನೆ ನೋಡಿದವರೇ. ಅವಳನ್ನು ಯಾರೂ ಬ್ರೋಕರ್ ಎಂದು ಕರೆಯುತ್ತಿರಲಿಲ್ಲ. ಮಾಡುತ್ತಿದ್ದುದು ಮಾತ್ರ ಅದೇ ಕೆಲಸ.

ಅದು ಅವಳಿಗೆ ತಾನಾಗಿ ಒದಗಿ ಬಂದದ್ದು. ಗಂಡ ಭೂತಯ್ಯ ಎಸ್ಟೇಟಿನಲ್ಲಿ ನೆರಳು ಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತ. ಕೂಲಿಯವರಿಗೆಂದು ಎಸ್ಟೇಟು ಕೊಟ್ಟಿದ್ದ ಲೈನಿನ ಮನೆ ಬಿಡಬೇಕಾಯಿತು. ಒಬ್ಬಳೇ ಮಗಳು ಲಕ್ಷ್ಮಿಯನ್ನು ಹೆಗ್ಗದ್ದೆಯ ಅಕ್ಕನ ಮನೆಯಲ್ಲಿ ಬಿಟ್ಟು, ಹುಲಿಯಮ್ಮ ಬಾಳ್ಳುಪೇಟೆಯ ಅಂಚಿನ ಕಾಲೋನಿಗೆ ಬಂದಳು. ಬಾಡಿಗೆದಾರರು ಖಾಲಿ ಮಾಡಿದ ಮನೆಗಳಿಗೆ ಸುಣ್ಣ ಹೊಡೆದು, ನೆಲ ತೊಳೆದುಕೊಡುವ ಕೂಲಿ ಸಿಕ್ಕಿತು. ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿದ್ದುದರಿಂದ ಮನೆ ತೋರಿಸುವ ಕೆಲಸವೂ ಅವಳದೇ ಆಯಿತು.

ಹುಲಿಯಮ್ಮ ದಲಿತ ಹೆಂಗಸು. ಖಾಲಿ ಮನೆಯಲ್ಲಿ ಅಡುಗೆಮನೆ, ದೇವರ ಗೂಡು ಎಲ್ಲವನ್ನೂ ಅವಳೇ ಉಜ್ಜಿ ತೊಳೆಯುತ್ತಿದ್ದಳು. ಹೊಸಬರು ಬಂದು ಒಲೆಯ ಮೇಲೆ ಹಾಲುಕ್ಕಿಸಿದ ಮೇಲೆ ಅವಳ ಜಾಗ ಜಗಲಿಯ ಕೆಳಗೆ, ಅಂಗಳದಲ್ಲಿ.

ಮಾಲೀಕರು ಬಾಯಿಬಿಟ್ಟು ಕೇಳಲು ಮುಜುಗರಪಡುತ್ತಿದ್ದ ಪ್ರಶ್ನೆಯನ್ನು ಅವರ ಪರವಾಗಿ ಅವಳೇ ಕೇಳುತ್ತಿದ್ದಳು. ಬಾವಿ ತೋರಿಸುತ್ತಾ, "ಮನೆದೇವ್ರು ಯಾವ್ದು ಸ್ವಾಮಿ ತಮ್ದು?" ಎಂದರೆ ಸಾಕು, ಬಂದವರ ಕುಲ ತಿಳಿಯುತ್ತಿತ್ತು. ಉತ್ತರ ಮಾಲೀಕರಿಗೆ ಒಗ್ಗುವಂಥದಲ್ಲವೆಂದು ಕಂಡರೆ, "ಈ ಮನೇಲಿ ನೀರಿನ ತಾಪತ್ರಯ ಐತೆ, ನಿಮ್ಗೆ ಸರಿಹೋಗಾಕಿಲ್ಲ" ಎಂದು ಬೀಗ ಹಾಕಿಬಿಡುವಳು. ಹಾಗೆ ವಾಪಸು ಕಳಿಸಿದವರಲ್ಲಿ ಅವಳ ಜನವೇ ಹೆಚ್ಚು.

ಲಕ್ಷ್ಮಿ ಹೆಗ್ಗದ್ದೆಯಿಂದ ಹಾಸನದ ಹಾಸ್ಟೆಲಿಗೆ ಹೋದಳು, ನರ್ಸಿಂಗ್ ಓದಿದಳು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಅವಳಿಗೆ ಬಾಳ್ಳುಪೇಟೆಯ ಸರ್ಕಾರಿ ಆಸ್ಪತ್ರೆಗೇ ಕೆಲಸದ ಆರ್ಡರ್ ಬಂತು. ಪೆಟ್ಟಿಗೆ ಹಿಡಿದು ಸೀದಾ ಕಾಲೋನಿಗೆ ಬಂದವಳನ್ನು ತಾಯಿ ಬಾಗಿಲಲ್ಲೇ ತಡೆದಳು.

"ಇಲ್ಲಿ ಇಳಿಸ್ಬ್ಯಾಡ ಅದ. ರಾಜಲಕ್ಷ್ಮಮ್ಮಾರ ಸಾಲುಮನೇಲಿ ಮಧ್ಯದ್ದು ಖಾಲಿ ಆಗೈತೆ."

"ನಿನ್ ಮನೆ ಇರೋವಾಗ ನಂಗ್ಯಾಕವ್ವ ಬಾಡಿಗೆ ಮನೆ?"

"ಇದು ಮನೆಯೇನೇ? ಮಳೆ ಬಂದ್ರೆ ನಾನು ಮಂಚದ ಮ್ಯಾಲೆ, ಕೋಳಿ ನನ್ ಮ್ಯಾಲೆ. ಅಲ್ಲಿ ನಲ್ಲಿ ಐತೆ, ಬಚ್ಚಲು ಐತೆ. ಎಷ್ಟು ಸಲ ಆ ನೆಲ ಉಜ್ಜಿವ್ನೋ ದೇವ್ರಿಗೇ ಗೊತ್ತು. ಅದ್ರ ಮ್ಯಾಲೆ ನನ್ ಮಗಳು ಮಲಗ್ಬೇಕು."

"ಅವರು ನಮಗೆ ಕೊಡ್ತಾರಾ?"

"ನಮಗೆ ಕೊಡಾಕಿಲ್ಲ. ನರ್ಸಮ್ಮಂಗೆ ಕೊಡ್ತಾರೆ. ಮನೆದೇವ್ರು ಕೇಳಿದ್ರೆ ಧರ್ಮಸ್ಥಳ ಅನ್ನು. ಊರು ಹಾಸನ. ಜಾಸ್ತಿ ಮಾತು ಬ್ಯಾಡ."

ಲಕ್ಷ್ಮಿಗೆ ಸಿಟ್ಟು ಬಂತು, ಅಳುವೂ ಬಂತು. ತಾಯಿ ಎರಡಕ್ಕೂ ಬಗ್ಗಲಿಲ್ಲ. ಊರಿನಲ್ಲಿ ಆ ಹುಡುಗಿಯ ಮುಖ ಕಂಡವರು ಯಾರೂ ಇರಲಿಲ್ಲ. ಕಾಲೋನಿಯವರಿಗೆ ಗೊತ್ತಿತ್ತು, ಅವರು ಬಾಯಿ ಬಿಡಲಿಲ್ಲ.

ರಾಜಲಕ್ಷ್ಮಮ್ಮ ಕಾಫಿ ತೋಟದ ಮನೆತನದ ವಿಧವೆ. ಕೆಟ್ಟ ಹೆಂಗಸಲ್ಲ. ಹುಲಿಯಮ್ಮನಿಗೆ ಜ್ವರ ಬಂದಾಗ ಗಂಜಿ ಕಳಿಸಿದವಳು, ಹಬ್ಬಕ್ಕೆ ತಪ್ಪದೆ ಸೀರೆ ಕೊಟ್ಟವಳು. ಅವತ್ತು ಜಗಲಿಯ ಕುರ್ಚಿಯಲ್ಲಿ ಕೂತು ಹೊಸ ನರ್ಸನ್ನು ಅಕ್ಕರೆಯಿಂದಲೇ ಮಾತಾಡಿಸಿದಳು. ಹುಲಿಯಮ್ಮ ಅಂಗಳದಲ್ಲಿ ನಿಂತಿದ್ದಳು. ಊರು, ಮನೆದೇವರು ಎಲ್ಲ ಸುಸೂತ್ರವಾಗಿ ಮುಗಿಯಿತು.

"ತಂದೆ ಏನ್ ಮಾಡ್ತಾರಮ್ಮ?"

"ಇಲ್ಲ. ತೀರ್ಕೊಂಡ್ರು."

"ಅಯ್ಯೋ. ತಾಯಿ?"

ಲಕ್ಷ್ಮಿ ಅಂಗಳದ ಕಡೆ ತಿರುಗಿದಳು. ಅಂಗಳದಿಂದ ಹುಲಿಯಮ್ಮನ ದನಿ ಬಂತು.

"ಪಾಪ, ಅವ್ರೂ ಇಲ್ವಂತೆ ಕಣ್ರಮ್ಮಾರೆ. ನಾನೇ ವಿಚಾರಿಸ್ದೆ."

"ತಬ್ಬಲಿ ಮಗು," ಎಂದು ರಾಜಲಕ್ಷ್ಮಮ್ಮ ಲಕ್ಷ್ಮಿಯ ಕೈ ಹಿಡಿದುಕೊಂಡಳು. "ನಮ್ಮನೇನ ನಿಮ್ಮನೆ ಅನ್ಕೊಂಡು ಇರು."

ಶುಕ್ರವಾರ ಹಾಲುಕ್ಕಿಸಿದರು. ರಾಜಲಕ್ಷ್ಮಮ್ಮನೇ ನಿಂತು ಒಲೆಗೆ ಅರಿಶಿನ ಕುಂಕುಮ ಇಡಿಸಿದಳು. ಹಾಲು ಉಕ್ಕಿ ಚೆಲ್ಲುವ ಸದ್ದು, ಸೀದ ವಾಸನೆ ಅಂಗಳದವರೆಗೂ ಬಂತು. ಲಕ್ಷ್ಮಿ ಒಂದು ಲೋಟ ತುಂಬಿಕೊಂಡು ಹೊರಗೆ ಬಂದು, ಜಗಲಿಯ ಅಂಚಿನಲ್ಲಿ ನಿಂತಳು.

"ಒಳಗೆ ಬಾ," ಎಂದಳು, ತಾಯಿಗಷ್ಟೇ ಕೇಳುವ ಹಾಗೆ.

"ಬ್ಯಾಡಿ ನರ್ಸಮ್ಮಾರೆ, ಕಾಲು ಕೆಸರಾಗೈತೆ. ಇಲ್ಲೇ ಕೊಡಿ," ಎಂದು ಹುಲಿಯಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಹಾಲು ಕುಡಿದು, ಲೋಟ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿ ಹೋದಳು.

ಆಮೇಲೆ ಮಗಳನ್ನು ನೋಡಲು ಅವಳಿಗೆ ಉಳಿದದ್ದು ಒಂದೇ ಜಾಗ, ಆಸ್ಪತ್ರೆ. ಅಲ್ಲಿ ಬೆಂಚಿನ ಮೇಲೆ ಎಲ್ಲರೂ ಕೂರುತ್ತಿದ್ದರು, ನರ್ಸು ಎಲ್ಲರನ್ನೂ ಮುಟ್ಟುತ್ತಿದ್ದಳು. ವಾರವಾರ ಸಂತೆಯ ದಿನ ಹುಲಿಯಮ್ಮ ಚೀಟಿ ಬರೆಸಿ ಸಾಲಿನಲ್ಲಿ ಕೂರತೊಡಗಿದಳು. ಒಂದು ವಾರ ಸೊಂಟ ನೋವು, ಇನ್ನೊಂದು ವಾರ ತಲೆಸುತ್ತು.

"ಏನಾಗೈತೆ ಇವತ್ತು?" ಎಂದು ಲಕ್ಷ್ಮಿ ರಟ್ಟೆಗೆ ಬಿ.ಪಿ. ಪಟ್ಟಿ ಸುತ್ತುವಳು. ಪಟ್ಟಿ ಬಿಗಿಯುವಾಗ ಬಗ್ಗಿ, ಮೆಲ್ಲಗೆ, "ಉಂಡ್ಯೇನವ್ವ?"

"ಉಂಡೆ. ನೀನ್ಯಾಕೆ ಸೊರಗಿದ್ದೀಯಾ?"

ಗಾಳಿ ಇಳಿಯುವಷ್ಟರಲ್ಲಿ ಮಾತು ಮುಗಿಯಬೇಕಿತ್ತು. ಲಕ್ಷ್ಮಿ ಒಮ್ಮೊಮ್ಮೆ ಎರಡೆರಡು ಸಲ ಬಿ.ಪಿ. ನೋಡುತ್ತಿದ್ದಳು. ಹುಲಿಯಮ್ಮನಿಗೆ ಆ ಮಳೆಗಾಲ ಸುಖವಾಗಿ ಕಳೆಯಿತು.

ಒಂದು ಸಂತೆಯ ದಿನ ರಾಜಲಕ್ಷ್ಮಮ್ಮ ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಆಸ್ಪತ್ರೆಗೆ ಬಂದಿದ್ದಳು. ತಾಯಿ ಮಗಳು ಮುಖಾಮುಖಿ ಕೂತಿದ್ದರು. ಅವರನ್ನೇ ನೋಡುತ್ತಿದ್ದ ಆಕೆ ಇದ್ದಕ್ಕಿದ್ದಂತೆ ನಕ್ಕಳು.

"ಅಲ್ಲ ಕಣೆ ಹುಲಿಯಮ್ಮ, ನಿಂದೂ ಸಿಸ್ಟರ್‌ದೂ ಗದ್ದ ಒಂದೇ ಅಚ್ಚಲ್ಲಿ ತೆಗ್ದಂಗೈತಲ್ಲೇ! ಗುಳಿ ಸೈತ!"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ನನ್ ಮುಖಕ್ಕೆ ಹೋಲಿಸಿ ಪಾಪ ಆ ನರ್ಸಮ್ಮನ ಮದ್ವೆ ಕೆಡಿಸ್ಬ್ಯಾಡ್ರಮ್ಮಾರೆ," ಎಂದಳು ಹುಲಿಯಮ್ಮ. "ನೋಡೋಕೆ ಬಂದ ಗಂಡು ಓಡೋಗ್ಬುಡ್ತಾನೆ."

ಬೆಂಚು ಪೂರ್ತಿ ನಕ್ಕಿತು. ರಾಜಲಕ್ಷ್ಮಮ್ಮ ಕಣ್ಣೊರೆಸಿಕೊಂಡು ನಕ್ಕಳು. ಆಕೆಗೆ ಅನುಮಾನವೇನೂ ಇರಲಿಲ್ಲ. ಲಕ್ಷ್ಮಿ ಮಾತ್ರ ಪಟ್ಟಿ ಬಿಚ್ಚಿ, ಸಿರಿಂಜು ಕುದಿಸುವ ಪಾತ್ರೆಯ ಕಡೆ ತಿರುಗಿ ನಿಂತುಬಿಟ್ಟಳು.

ಅದರ ಮುಂದಿನ ಸಂತೆಗೆ ಹುಲಿಯಮ್ಮ ಆಸ್ಪತ್ರೆಗೆ ಹೋಗಲಿಲ್ಲ. ಆಮೇಲಿನದಕ್ಕೂ ಇಲ್ಲ. ಸಾಲುಮನೆಯ ಕೊನೆಯದನ್ನು ನೋಡಲು ಬಂದ ಮೇಷ್ಟ್ರೊಬ್ಬರನ್ನು ಕರೆತಂದಾಗ ಲಕ್ಷ್ಮಿ ಜಗಲಿಯಲ್ಲಿದ್ದಳು.

"ಆಸ್ಪತ್ರೆಗೆ ಯಾಕೆ ಬರ್ತಿಲ್ಲ?"

"ವಾಸಿ ಆಯ್ತು ಕಣ್ರಮ್ಮ," ಎಂದು ಹುಲಿಯಮ್ಮ ತಲೆಯೆತ್ತದೆ ಮೇಷ್ಟ್ರ ಕಡೆ ತಿರುಗಿದಳು. "ಬನ್ನಿ ಸ್ವಾಮಿ, ಬಾವಿ ಹಿತ್ಲಲ್ಲೈತೆ."

ಲಕ್ಷ್ಮಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಫಿ ಕೊಯ್ಲಿನ ಹೊತ್ತಿಗೆ ಹುಲಿಯಮ್ಮನಿಗೆ ನಿಜವಾಗಿಯೂ ಜ್ವರ ಬಂತು. ಚಳಿ, ಕೆಮ್ಮು, ಎದ್ದರೆ ಕಣ್ಣು ಕತ್ತಲೆ. ಪಕ್ಕದ ಮನೆಯ ತಾಯಮ್ಮ, "ಮಗಳು ಕೂಗಳತೇಲಿ ಅವಳೆ, ಬಾ ಹೋಗವ," ಎಂದು ರಟ್ಟೆ ಹಿಡಿದು ಎಬ್ಬಿಸಿದಳು. ಹುಲಿಯಮ್ಮ ಒಪ್ಪಲಿಲ್ಲ. ಕಂಬಳಿ ಹೊದ್ದು, ತಾಯಮ್ಮನ ಹೆಗಲು ಹಿಡಿದು ಆಲೂರಿನ ಬಸ್ಸು ಹತ್ತಿದಳು.

ಆಲೂರಿನ ಆಸ್ಪತ್ರೆಯಲ್ಲಿ ವಯಸ್ಸಾದ ನರ್ಸೊಬ್ಬಳು ಜ್ವರ ನೋಡಿ ಗದರಿದಳು.

"ಇಷ್ಟು ಜ್ವರ ಇಟ್ಕೊಂಡು ಬಸ್ಸಲ್ಲಿ ಬಂದ್ಯಾ? ಬಾಳ್ಳುಪೇಟೇಲೇ ಆಸ್ಪತ್ರೆ ಐತಲ್ಲ, ನರ್ಸು ಇಲ್ವಾ ಅಲ್ಲಿ?"

"ಅವ್ಳೆ ಕಣವ್ವ," ಎಂದಳು ಹುಲಿಯಮ್ಮ. "ಬಲು ಒಳ್ಳೇವ್ಳು."

"ಮತ್ತೆ?"

ಹುಲಿಯಮ್ಮ ಸೂಜಿಗೆಂದು ಸೆರಗು ಸರಿಸಿ ತೋಳು ಮುಂದೆ ಮಾಡಿದಳು. ನರ್ಸು ರಟ್ಟೆ ಹಿಡಿದುಕೊಂಡಾಗ ಕಣ್ಣು ಮುಚ್ಚಿಕೊಂಡಳು.