ಡಿಸೆಂಬರ್‌ನಲ್ಲಿ ಊಟ ಹಾಕಿಸಲು ಹೊರಟವರು

ನಮ್ಮ ಯಜಮಾನರು ನಿವೃತ್ತರಾದ ವರ್ಷ, ಡಿಸೆಂಬರ್ ಕಾಲಿಟ್ಟ ಕೂಡಲೇ ಅವರಿಗೆ ದಾನದ ಹುಮ್ಮಸ್ಸು ಬಂತು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದಾಗ ವರ್ಷದ ಕೊನೆಗೆ ಶಾಖೆಯವರೆಲ್ಲ ಸೇರಿ ಯಾವುದಾದರೂ ಆಶ್ರಮಕ್ಕೆ ಹೋಗಿ, ಕಂಬಳಿ ಹಂಚಿ, ಫೋಟೊ ತೆಗೆಸಿಕೊಂಡು ಬರುತ್ತಿದ್ದರು. ಈಗ ಅವರ ಶಾಖೆಯೆಂದರೆ ನಾನೊಬ್ಬಳೇ.

ಬನಶಂಕರಿಯ ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಇಟ್ಟಮಡುವಿನಲ್ಲಿ, ವಯಸ್ಸಾದ ಹೆಂಗಸರಿಗೆಂದೇ ಒಂದು ಚಿಕ್ಕ ಆಶ್ರಮವಿದೆ.

"ವರ್ಷದ ಕೊನೇ ದಿನ ಅಲ್ಲಿ ಊಟ ಹಾಕ್ಸೋಣ. ನಾನು ನಾಲ್ಕು ಮಾತಾಡ್ತೀನಿ," ಎಂದರು.

ಆ ನಾಲ್ಕು ಮಾತನ್ನು ವಾರವಿಡೀ ಕನ್ನಡಿಯ ಮುಂದೆ ಆಡಿದರು. ಅಡುಗೆಮನೆಯಲ್ಲಿದ್ದ ನನಗೂ ಬಾಯಿಪಾಠವಾಯಿತು.

ಕೇಳಲು ಹೋದರೆ, ಆಶ್ರಮ ನಡೆಸುವಾಕೆ ಸಂಕೋಚದಿಂದ ಹೇಳಿದರು. "ಡಿಸೆಂಬರ್ ಪೂರ್ತಿ ಬುಕ್ ಆಗೋಗಿದೆ ಸಾರ್."

ಮಗಳ ಮದುವೆಗೆ ಕಲ್ಯಾಣ ಮಂಟಪ ಸಿಗದ ಅಪ್ಪನ ಹಾಗಾಯಿತು ಯಜಮಾನರ ಮುಖ. "ರಾತ್ರಿ ಊಟ?"

"ಅದೂ ಆಗಿದೆ."

"ಹೋಗ್ಲಿ, ತಿಂಡಿ?"

"ಅದೂ ಸಾರ್. ಎಲ್ಲರೂ ಪಲಾವ್, ಜಾಮೂನೇ ತರ್ತಾರೆ. ಇಲ್ಲಿ ಅರ್ಧ ಜನಕ್ಕೆ ಶುಗರ್."

"ಕಂಬಳಿ ಕೊಡಬಹುದಾ?"

ಆಕೆ ಸುಮ್ಮನೆ ಬೀರುವಿನ ಬಾಗಿಲು ತೆರೆದರು. ಕೆಳಗಿನಿಂದ ಮೇಲಿನ ತನಕ ಕಂಬಳಿಗಳೇ.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತದೆಯೇ ಅಂದರು. "ಹೋಟ್ಲಿಗೆ ಕರ್ಕೊಂಡು ಹೋಗಪ್ಪ."

ಹಾಗಾಗಿ, ಒಂದು ಸಂಜೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಅಜ್ಜಿಯರನ್ನೆಲ್ಲ ಜಯನಗರದ ಹೋಟೆಲೊಂದಕ್ಕೆ ಕರೆದೊಯ್ದೆವು. ಎಲ್ಲರೂ ಕೂತ ಮೇಲೆ ಯಜಮಾನರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಸ್ವಲ್ಪ ಪಕ್ಕಕ್ಕೆ ಹೋಗಪ್ಪ," ಎಂದರು ಅದೇ ಅಜ್ಜಿ. "ತಿಂಡಿ ಬೋರ್ಡು ಕಾಣಿಸ್ತಿಲ್ಲ."

ಭಾಷಣ ಅಲ್ಲಿಗೇ ನಿಂತಿತು. ಪಕ್ಕಕ್ಕೆ ಸರಿದು ಕೂತರು. ಸರ್ವರ್ ಬಂದಾಗ ಮಾತ್ರ ಹಳೆಯ ಮ್ಯಾನೇಜರು ಎಚ್ಚೆತ್ತರು. "ಎಲ್ಲರಿಗೂ ಒಂದೊಂದು ಮಸಾಲೆ ದೋಸೆ ಹೇಳ್ಬಿಡೋಣ."

"ಬೇಡಪ್ಪ, ನಾವೇ ಹೇಳ್ತೀವಿ," ಎಂದು ಅಜ್ಜಿ ತಡೆದರು. "ಆಶ್ರಮದಲ್ಲಿ ಚೆನ್ನಾಗೇ ನೋಡ್ಕೋತಾರೆ, ತಪ್ಪು ಹೇಳ್ತಿಲ್ಲ. ಆದ್ರೆ, ನಿಂಗೇನು ಬೇಕು ಅಂತ ನನ್ನ ಯಾರಾದ್ರೂ ಕೇಳಿ ಎಷ್ಟೋ ವರ್ಷ ಆಯ್ತು."

ಯಜಮಾನರು ಸರ್ವರ್‌ನನ್ನು ಅಜ್ಜಿಯ ಕಡೆ ಕಳಿಸಿದರು.

ಅಜ್ಜಿ ಸರ್ವರ್ ಕೈಲಿ ಬೋರ್ಡನ್ನು ಮೇಲಿನಿಂದ ಕೆಳಗೆ ಓದಿಸಿದರು. ರವೆ ಇಡ್ಲಿಗೆ ಗೋಡಂಬಿ ಹಾಕ್ತೀರಾ, ವಡೆ ಈಗ ಕರಿದಿದ್ದೋ ಬೆಳಿಗ್ಗೆದೋ ಎಂದು ವಿಚಾರಿಸಿದರು. ಕಡೆಗೆ ಇಡ್ಲಿ ಹೇಳಿ, ಸರ್ವರ್ ಎರಡು ಹೆಜ್ಜೆ ಹೋದ ಮೇಲೆ ವಾಪಸು ಕರೆದು ಪುಡಿ ದೋಸೆಗೆ ಬದಲಾಯಿಸಿದರು. ಅವನು "ನಿಧಾನಕ್ಕೆ ಹೇಳಿ ಅಜ್ಜಿ," ಎಂದು ನಗುತ್ತ ನಿಂತ. ದೋಸೆ ಬಂತು. ಚಟ್ನಿಗೆ ಉಪ್ಪು ಕಡಿಮೆ ಎಂದು ಎಲ್ಲರೂ ಒಮ್ಮತದಿಂದ ದೂರಿದರು, ಇನ್ನೆರಡು ಸಲ ಹಾಕಿಸಿಕೊಂಡರು.

ವಾಪಸು ಇಳಿಸುವಾಗ ಅಜ್ಜಿ ಯಜಮಾನರ ಕೈ ಹಿಡಿದುಕೊಂಡರು. "ಡಿಸೆಂಬರಲ್ಲಿ ಊರೆಲ್ಲಾ ಬರತ್ತೆ. ನೀನು ಮೇ ತಿಂಗಳಲ್ಲಿ ಬಾ. ಆವಾಗ ನಮ್ಮನ್ನ ಕೇಳೋರೇ ಇರಲ್ಲ."

ಮೇ ತಿಂಗಳಲ್ಲಿ ಯಜಮಾನರು ಮೊದಲು ಫೋನ್ ಮಾಡಿ, ಏನು ಬೇಕೆಂದು ಕೇಳಿದರು. ಅಜ್ಜಿಯರು ತಮ್ಮೊಳಗೇ ಜಗಳವಾಡಿ, ಒಂದೆರಡು ದಿನ ಬಿಟ್ಟು ತೀರ್ಪು ತಿಳಿಸಿದರು: ಮಾವಿನಕಾಯಿ ಚಿತ್ರಾನ್ನ, ಅದೂ ಅವರ ಕಣ್ಣೆದುರೇ ಮಾಡಬೇಕು.

ನಾನು ಒಗ್ಗರಣೆಗೆ ನಿಂತೆ. ಯಜಮಾನರು ಆಶ್ರಮದ ಜಗುಲಿಯಲ್ಲಿ ಪಂಚೆ ಮೇಲೆ ಕಟ್ಟಿ ಮಾವಿನಕಾಯಿ ತುರಿಯಲು ಕೂತರು. ಸುತ್ತ ಅಜ್ಜಿಯರ ತಪಾಸಣೆ.

"ಇಷ್ಟು ದಪ್ಪ ತುರಿದ್ರೆ ಹುಳಿ ಎಲ್ಲಿ ಹಿಡಿಯತ್ತೆ? ಸಣ್ಣಗೆ ಮಾಡಪ್ಪ."

ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನಿಂದ ಒಂದು ತಿದ್ದುಪಡಿಯನ್ನೂ ಕೇಳದ ಮನುಷ್ಯ "ಆಯ್ತಮ್ಮ," ಎಂದು ಇನ್ನೊಂದು ಕಾಯಿ ಎತ್ತಿಕೊಂಡರು.