ಮಗ್ಗದ ಮನೆಯ ಕಂಬಕ್ಕೆ ಚೌಕಾಸಿ

ಕೊಳ್ಳೇಗಾಲದಿಂದ ಬೆಳಗ್ಗೆ ಹೊರಟ ಬಸ್ಸು ದಿಂಬಂ ಘಾಟಿಯ ತಿರುವಿನಲ್ಲಿ ಕಬ್ಬಿನ ಲಾರಿಯ ಹಿಂದೆ ನಿಂತುಬಿಟ್ಟಿತು. ಸುತ್ತ ಕಾಡು, ಇಳಿಯುವಂತಿಲ್ಲ. ನೀವು ಬಂದರೆ ಎಡಗಡೆ ಕೂರಬೇಡಿ. ಸತ್ಯಮಂಗಲದವರೆಗೂ ಬಿಸಿಲು ಮುಖಕ್ಕೇ ಹೊಡೆಯುತ್ತದೆ.

ಸೀರೆ ಕೊಳ್ಳಲು ನಾನು ಸದಾ ಬರುವ ದಾರಿ ಇದು. ಈ ಸಲ ಬಂದದ್ದು ಅಕ್ಕನ ಮಗಳು ಸುಧಾಳಿಗಾಗಿ. ನೆಗಮದ ನೇಕಾರರ ಮನೆಯ ಹುಡುಗಿ, ಕೊಯಮತ್ತೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ. ಅಂದು ಮಧ್ಯಾಹ್ನ ಅವಳ ನಕ್ಷೆಯ ಪರೀಕ್ಷೆ. ದಾಟದಿದ್ದರೆ ಇಡೀ ಸೆಮಿಸ್ಟರ್ ಮತ್ತೆ.

ಗಾಂಧಿಪುರಂನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡೆ, ಕೊಸರಿಗೆ ಒಂದು ಗೇಣು ಹಾಕಿಸಿಕೊಂಡೆ. ಆಟೋದವರು ಹೇಳಿದ ಬಾಡಿಗೆ ಕೇಳಿ ಸುಮ್ಮನೆ ನಡೆದೆ. "ವಾಂಗಮ್ಮಾ, ಬನ್ನಿ" ಎಂದು ಬಾಡಿಗೆ ಇಳಿಸಿ ಅವರೇ ಹಿಂದೆ ಬಂದರು. ನೀವೂ ಹಾಗೇ ಮಾಡಿ.

ಕಾಲೇಜಿನ ಕಂಪ್ಯೂಟರಿನಲ್ಲಿ ಸುಧಾ ಪರೀಕ್ಷೆಗೆಂದು ಬರೆದ ಮಗ್ಗದ ಮನೆ ನಿಂತಿತ್ತು. ನೇಕಾರರು ಬೀದಿಯಲ್ಲಿ ಹಾಸಿನ ನೂಲನ್ನು ಉದ್ದಕ್ಕೆ ಚಾಚಿ ಗಂಜಿ ಬಳಿಯುತ್ತಾರಲ್ಲ, ಆ ಕೆಲಸ ಮಳೆಯಲ್ಲೂ ನಡೆಯಲೆಂದು ಉದ್ದನೆಯ ಅಂಗಳಕ್ಕೆ ಸೂರು. ಒಳ್ಳೆಯ ಯೋಚನೆಯೇ. ಆದರೆ ನಟ್ಟನಡುವೆ ಕಂಬಗಳ ಸಾಲು!

"ಇದೇನೇ? ನೂಲು ಕಂಬ ಸುತ್ಕೊಂಡು ಹೋಗ್ತದಾ? ನಿಮ್ಮಪ್ಪ ಚಾಚೋದು ದಿನಾ ನೋಡಿಲ್ವಾ?"

"ಕಂಬ ತೆಗೆದ್ರೆ ಕೆಂಪಾಗ್ತದೆ ಚಿಕ್ಕಮ್ಮಾ" ಎಂದು ಗುಂಡಿ ಒತ್ತಿದಳು. ಭಾರ ಲೆಕ್ಕ ಹಾಕಿ, ಕಟ್ಟಡ ಎಲ್ಲಿ ತಡೆಯಲಾರದೋ ಅಲ್ಲಿ ಕೆಂಪು ತೋರಿಸುವ ಎಂಜಿನಿಯರುಗಳ ಸಾಫ್ಟ್‌ವೇರ್ ಅದು. ತಾರಸಿಯ ಹೊಟ್ಟೆಯೆಲ್ಲ ಕುಂಕುಮವಾಯಿತು.

"ಕೆಂಪು ಅಂದ ಕೂಡ್ಲೇ ಕಂಬ ಕೊಟ್ಬಿಟ್ಯಾ? ಮೊದಲು ಹೇಳಿದ ಬೆಲೆಗೇ ಯಾರಾದ್ರೂ ಸೀರೆ ಕೊಳ್ತಾರಾ?"

ಪಕ್ಕದಲ್ಲಿದ್ದ ಮೇಷ್ಟ್ರು ನಕ್ಕು ತಮಿಳಿನಲ್ಲಿ ಹೇಳಿದರು: "ಇದನ್ನೇ ನಾನೂ ಬಡ್ಕೋತಿದ್ದೀನಮ್ಮಾ. ಬಣ್ಣ ನೋಡಿ ಹೆದರ್ತಾರೆ, ಅದರ ಜೊತೆ ವಾದಕ್ಕೇ ಇಳಿಯಲ್ಲ."

"ತಾರಸಿ ಮೇಲೇನಿದೆ?"

"ತೋಟ. ಮಣ್ಣು ತುಂಬಿ, ಗಿಡ ಬೆಳೆಸಿ..."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೇಲೆ ಮಣ್ಣು ಹೊರಲು ಕೆಳಗೆ ಕಂಬ, ಕಂಬಕ್ಕಾಗಿ ನೂಲು ಮತ್ತೆ ಬೀದಿಗೆ! "ತೋಟ ಬಿಡು, ಹೆಂಚು ಹಾಕು. ಆಮೇಲೆ ಏನನ್ನತ್ತೆ ಕೇಳು."

"ಚೆಂದಾಗಿರೋದೇ ಅದೊಂದು! ಅದನ್ನೂ ಬಿಟ್ರೆ ಕೋಳಿ ಶೆಡ್ಡು ಅಂತ ನಗ್ತಾರೆ."

"ನಗಲಿ. ಬೆಲೆ ಒಪ್ಪದಿದ್ರೆ ಎದ್ದು ಬೇರೆ ಅಂಗಡಿಗೆ ನಡೀಬೇಕು ಕಣೇ."

ಮುಖ ಊದಿಸಿಕೊಂಡು ಕೂತಳು. ರಾತ್ರಿ ಘಾಟಿ ಮುಚ್ಚುವುದರಿಂದ ಪರೀಕ್ಷೆಗೆ ನಿಲ್ಲಲಾಗಲಿಲ್ಲ. ಹೂವು ಅವಳ ಕೈಗಿಟ್ಟು ಬಸ್ಸು ಹತ್ತಿದೆ. ಇಷ್ಟು ದೂರ ಬಂದದ್ದು ಜಗಳಕ್ಕೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆ.

ಸತ್ಯಮಂಗಲ ಬಿಡುವಾಗ ಫೋನ್ ಬಂತು.

"ಪಾಸು, ಚಿಕ್ಕಮ್ಮಾ! ಕಬ್ಬಿಣದ ತೊಲೆ, ಹೆಂಚು. ಏಳು ಸಲ ಕೆಂಪು ಅಂತು, ಏಳು ಸಲ ಬದಲಾಯಿಸ್ದೆ."

"ಕಂಬ?"

"ಒಂದೂ ಇಲ್ಲ."

"ತೋಟ?"

"ಹೋಯ್ತು. ಹೊರಗೋಡೆಗೆ ಒಂದು ಮಲ್ಲಿಗೆ ಬಳ್ಳಿ ಹಬ್ಬಿಸಿದೀನಿ. ಅದು ಕೊಸರು."

ಬೈಯಲು ಬಾಯಿ ತೆರೆದವಳು, ಬಸ್ಸು ಘಾಟಿ ಹತ್ತುವಾಗ ಒಬ್ಬಳೇ ನಗುತ್ತಿದ್ದೆ.