ಬೀಗದ ಕೈ

ಚನ್ನರಾಯಪಟ್ಟಣದ ಸೀರೆ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ಒಮ್ಮೆ ಯಜಮಾನರು ಹಾಸನದಲ್ಲಿ ವ್ಯಾಪಾರಿಗಳಿಗೆಂದು ನಡೆದ ತರಬೇತಿಗೆ ಹೋಗಿಬಂದರು. ಕೆಲಸದವರಿಗೆ ಬೆಲೆ ಕೊಡಬೇಕು, ಜವಾಬ್ದಾರಿ ವಹಿಸಬೇಕು ಎಂದು ಅಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ. ಮರುದಿನವೇ ಎಲ್ಲರೆದುರು ನನಗೆ ಶಾಲು ಹೊದಿಸಿ, ಷಟರಿನ ಬೀಗದ ಕೈ ಕೊಟ್ಟರು. ಇರುವುದು ಇದೊಂದೇ, ಬೇರೆ ಯಾರಿಗೂ ಕೊಡಬೇಡ ಎಂದರು. ಶಾಲಿನ ಬೆಲೆಚೀಟಿ ಕೀಳುವುದನ್ನು ಮರೆತಿದ್ದರು. ಆದರೂ ನಾನು ಹಿಗ್ಗಿ ಹೀರೇಕಾಯಿಯಾದೆ.

ಆಮೇಲೆ ಗೊತ್ತಾಯಿತು, ಈ ಕೈ ನನ್ನದಲ್ಲ, ಬೀಗದ್ದು. ಎಲ್ಲರಿಗಿಂತ ಮೊದಲು ಬರಬೇಕು, ಎಲ್ಲರೂ ಹೋದಮೇಲೆ ಹೊರಡಬೇಕು. ಜ್ವರ ಬಂದರೂ ರಜೆಯಿಲ್ಲ. ದಿನವಿಡೀ ನಿಂತೇ ಇರುವ ಹುಡುಗಿಯರಿಗೆ ಎರಡು ಸ್ಟೂಲು ತರಿಸುವಷ್ಟು ಅಧಿಕಾರವೂ ನನಗಿರಲಿಲ್ಲ. ಏನು ಕೇಳಿದರೂ ಯಜಮಾನರದು ಒಂದೇ ಮಾತು, ನೀನು ಮನೆಮಗಳಿದ್ದಂತೆ. ಮನೆಮಗಳಿಗೆ ರಜೆ ಕೊಡುವ ಪದ್ಧತಿ ಯಾವ ಮನೆಯಲ್ಲಿದೆ? 

ಹೀಗಿರುವಾಗ ಅರಕಲಗೂಡಿನಲ್ಲಿ ತಂಗಿಯ ಸೀಮಂತ ಬಂತು. ಅಮ್ಮ ಇಲ್ಲ. ತವರಿನ ಕಡೆಯಿಂದ ಅವಳ ಮಡಿಲು ತುಂಬಬೇಕಾದವಳು ನಾನೊಬ್ಬಳೇ. ರಜೆ ಕೇಳಿದೆ. ಮದುವೆ ಸೀಸನ್ನು, ಹೋಗಿ ಬಾ, ಆದರೆ ಬೆಳಗ್ಗೆ ಅಂಗಡಿ ಮಾತ್ರ ಸರಿಯಾದ ಹೊತ್ತಿಗೆ ತೆಗಿ ಎಂದರು. ಹಿಂದಿನ ಸಂಜೆಯೇ ಹೋದೆ. ಮುಹೂರ್ತ ಇದ್ದದ್ದು ಮಾರನೆಯ ಬೆಳಗ್ಗೆ. ನಸುಕಿನಲ್ಲಿ ಹೊರಟು ನಿಂತಾಗ ತಂಗಿ ನನ್ನ ಸೆರಗಿನ ಗಂಟು ಹಿಡಿದುಕೊಂಡಳು. ಅದರೊಳಗೇ ಬೀಗದ ಕೈ ಇತ್ತು.

"ಅಕ್ಕ, ಮಡ್ಲು ತುಂಬಕ್ಕೆ ನಂಗೆ ಇನ್ಯಾರವ್ರೆ?"

ಸೆರಗು ಬಿಡಿಸಿಕೊಂಡು ಬಂದೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಯಜಮಾನರು ಫೋನು ಎತ್ತಲಿಲ್ಲ. ಷಟರಿನ ಮುಂದೆ ನಿಂತ ಹುಡುಗಿಯರನ್ನೂ, ಮಣೆಯ ಮೇಲೆ ಕೂತ ತಂಗಿಯನ್ನೂ ನೆನೆದು ಅಳು ಬಂತು. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಓಡೋಡಿ ಬಂದು ನೋಡಿದರೆ ಅಂಗಡಿ ತೆಗೆದಿತ್ತು. ಯಜಮಾನರು ಗಲ್ಲಾದ ಹಿಂದಿನ ಫೋಟೋಗಳಿಗೆ ಊದುಬತ್ತಿ ಬೆಳಗುತ್ತಿದ್ದರು. ಬೀಗ ಹೇಗೆ ತೆಗೆದಿರಿ ಎಂದು ಕೇಳಿದೆ.

"ಇನ್ನೊಂದ್ ಕೀ ಮನೇಲಿ ಇದ್ದೇ ಇತ್ತು ಕಣಮ್ಮ," ಎಂದರು ನಗುತ್ತಾ. ನಾನು ಹೇಗೂ ಬಂದೇ ಬರುತ್ತೇನೆಂದು ಗೊತ್ತಿತ್ತಂತೆ, ಅದಕ್ಕೇ ಆ ಮಾತು ಹೇಳಿರಲಿಲ್ಲವಂತೆ.

ಮೈಯೆಲ್ಲ ಉರಿಯಿತು. ಅರಕಲಗೂಡಿನಲ್ಲಿ ಆ ಹೊತ್ತಿಗೆ ಬೇರೆ ಯಾರೋ ತಂಗಿಯ ಮಡಿಲು ತುಂಬುತ್ತಿದ್ದರು. ಗಂಟು ಬಿಚ್ಚಿ ಬೀಗದ ಕೈಯನ್ನು ಗಲ್ಲಾದ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ಇಟ್ಕೊ. ನಾಳೆ ನಾನ್ ಬರದು ಲೇಟು."

ಇಟ್ಟುಕೊಂಡೆ.